ಕಡಲ ತಳದ ಮಣ್ಣು, ಕಾಲಿಗೆ ನೀರು

ಹಗ್ಗ ಎಲ್ಲಿ ಎಂದು ಕೇಳಿದ್ದಕ್ಕೆ ಆ ಮನೆಯಾಕೆ ನಕ್ಕುಬಿಟ್ಟರು.

ಗೋವಾಕ್ಕೆ ಬಂದಿಳಿದ ಮಾರನೆಯ ಬೆಳಗ್ಗೆ ಅದು. ಹೊರಗೆ ಆಷಾಢದ ಮಳೆ. ಸ್ನಾನಕ್ಕೆ ನೀರು ಬೇಕೆಂದಾಗ ಮನೆಯೊಡತಿ ಫಿಲೊಮಿನಾ ಬಾಯಿ ನನ್ನ ಕೈಗೊಂದು ತಂಬಿಗೆ ಕೊಟ್ಟು ಹಿತ್ತಲಿನ ಬಾವಿ ತೋರಿಸಿದರು. ನಾನು ಹೋಗಿ ರಾಟೆ ಹುಡುಕಿದೆ, ಹಗ್ಗ ಹುಡುಕಿದೆ, ಎರಡೂ ಇಲ್ಲ. ಅವರೇ ಬಂದು, ಬಾವಿ ಕಟ್ಟೆಗೆ ಹೊಟ್ಟೆಯಾನಿಸಿ ಬಗ್ಗಿ, ತಂಬಿಗೆಯನ್ನು ಕೈಯಲ್ಲೇ ಅದ್ದಿ ನೀರು ತುಂಬಿಕೊಟ್ಟರು. ನಾನು ಹಿಂದಕ್ಕೆ ಹಾರಿದೆ. ಬಾವಿಯ ನೀರು ಅಷ್ಟು ಹತ್ತಿರ ಬಂದು ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕ್ಯಾಸಂಬಳ್ಳಿ ಕಡೆಯ ನಮ್ಮ ಬಾವಿಗೆ ಬಿಂದಿಗೆ ಬಿಟ್ಟರೆ ಅದು ನೀರು ಮುಟ್ಟುವಷ್ಟರಲ್ಲಿ ಅಕ್ಕಪಕ್ಕದವರ ಸಂಸಾರದ ಸುದ್ದಿ ಒಂದು ಸುತ್ತು ಮುಗಿದಿರುತ್ತದೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆ ನಮ್ಮದು. ಇಲ್ಲಿ ನೀರೇ ಎದ್ದು ನನ್ನನ್ನು ನೋಡಲು ಬಂದಂತಿತ್ತು. ಖುಷಿಗೆ ಬೇಕಾದ್ದಕ್ಕಿಂತ ಹೆಚ್ಚೇ ಸುರಿದುಕೊಂಡೆ. ತಲೆ ಒರೆಸುವಾಗ ನಮ್ಮ ಅತ್ತಮ್ಮ ನೆನಪಾದರು. ಅದೇ ಹೊತ್ತಿಗೆ ಅವರು ನನ್ನ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ನಿಂತಿರುತ್ತಾರೆ. ಮೈಮೇಲಿನ ನೀರು ಒಮ್ಮೆಲೇ ತಣ್ಣಗಾಯಿತು.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಹೆಸರು ನಾಗರತ್ನ. ಹುಟ್ಟಿದ್ದು ಬಂಗಾರಪೇಟೆಯ ಹತ್ತಿರ, ಸೊಸೆಯಾಗಿ ಸೇರಿದ್ದು ಕ್ಯಾಸಂಬಳ್ಳಿ ಪಕ್ಕದ ಹಳ್ಳಿಗೆ. ನಮ್ಮ ಯಜಮಾನರು ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್, ದಿನಾ ಊರಿಗಾಂವರೆಗೆ ಸೈಕಲ್ಲು, ಅಲ್ಲಿಂದ ಪಾತಾಳಕ್ಕೆ ಆಳುಗಳನ್ನು ಇಳಿಸುವ ಕಬ್ಬಿಣದ ತೊಟ್ಟಿಲು. ನಾನು ಭೂವಿಜ್ಞಾನ ಓದಿದವಳು. ಓದಿದ್ದೇನೋ ಸರಿ, ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಎಲೆಯ ಭಾಗಗಳನ್ನು ಬರೆಸುತ್ತಿದ್ದೆ. ಎಂಬತ್ತರ ದಶಕ ಅದು, ಗಣಿ ಇವತ್ತು ಮುಚ್ಚುತ್ತದೆ, ನಾಳೆ ಮುಚ್ಚುತ್ತದೆ ಎಂಬ ಮಾತು ಆಗಲೇ ಮನೆಮನೆಯಲ್ಲೂ ಕಾಫಿಯ ಜೊತೆ ಕುಡಿಯುವಂತಾಗಿತ್ತು. ಆಗ ಗೋವಾದಲ್ಲಿ ಕಡಲ ತಳದ ಮಣ್ಣನ್ನು ಪರೀಕ್ಷಿಸುವ ಒಂದು ಕಡೆ ನನಗೆ ತಾತ್ಕಾಲಿಕ ಕೆಲಸ ಸಿಕ್ಕಿತು. ಮಗಳು ಪದ್ಮಳಿಗೆ, ನಮ್ಮ ಪದ್ದಿಗೆ, ಮೂರು ತುಂಬಿತ್ತು ಅಷ್ಟೆ.

"ಓಗ್ಬಾಮ್ಮ. ಓದ್ಕಂಡು ಮನೇಲ್ ಕುಂತ್ಕಂಡ್ರೆ ಓದಿದ್ದೇನ್ಕೆ? ಮಗು ನನ್ ಸೊಂಟದ್ ಮ್ಯಾಲಿರ್ತದೆ," ಎಂದರು ಅತ್ತಮ್ಮ.

ನಾನು ಒಂದೆರಡು ಸಲವಾದರೂ ಬೇಡ ಎನ್ನುತ್ತೇನೆಂದು ನೆಂಟರೆಲ್ಲ ಕಾದರು. ನಾನು ಅನ್ನಲಿಲ್ಲ. ಹೋಗಬೇಕೆಂಬ ಆಸೆ ನನ್ನದೇ ಆಗಿತ್ತು, ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. ಹೊರಡುವಾಗ ಮಗು ನಿದ್ದೆಯಲ್ಲಿತ್ತು. ಎಬ್ಬಿಸಿದರೆ ನಾನು ಹೋಗಲಾರೆನೆಂದು ಗೊತ್ತಿದ್ದೇ ಎಬ್ಬಿಸಲಿಲ್ಲ.

ಕೋಲಾರ ಸೀಮೆಯವರಿಗೆ ಭಾಷೆಯ ಜಂಬ ಸ್ವಲ್ಪ ಇರುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಗಣಿಯ ಲೈನುಮನೆಗಳಲ್ಲಿ ತಮಿಳು. ಮೂರು ನಾಲಿಗೆ ಇರುವವಳು ಎಲ್ಲಿ ಸೋಲುತ್ತೇನೆ ಎಂದುಕೊಂಡು ಬಂದಿದ್ದೆ. ಇಲ್ಲಿ ಮೂರೂ ನಡೆಯಲಿಲ್ಲ. ನನ್ನ ಹರಕು ಹಿಂದಿ, ಫಿಲೊಮಿನಾ ಬಾಯಿಯ ಮುರುಕು ಹಿಂದಿ, ನಡುವೆ ಕೈಸನ್ನೆ. ಒಂದೊಂದೇ ಕೊಂಕಣಿ ಮಾತು ಕಲಿತೆ. ಬೆಳಗಾದರೆ ಸೈಕಲ್ಲಿನ ಹಾರ್ನು ಒತ್ತುತ್ತಾ ಬ್ರೆಡ್ಡು ತರುವವನು ಪೊದೇರ್. ಮನೆಯ ಮುಂದೆ ಎರಡು ಕಡೆ ಕಲ್ಲಿನ ಆಸನವಿರುವ ಜಗಲಿ ಬಾಲ್ಕಾಂವ್. ನುಸ್ತೆಂ ಎಂದರೆ ಮೀನು, ಅದಿಲ್ಲದೆ ಇವರಿಗೆ ಊಟವೇ ಅಲ್ಲ. ಮೀನಿನ ಜೊತೆ ರಾಜಿಯಾಗಲು ನನಗೆ ಒಂದು ಮಳೆಗಾಲ ಹಿಡಿಯಿತು. ಮುದ್ದೆಯ ಆಸೆ ಮಾತ್ರ ಹೋಗಲಿಲ್ಲ.

ಒಂದು ಸಂಜೆ ಅಂಗಡಿಗೆ ಹೋಗಿ ಕೈಸನ್ನೆ ಮಾಡಿ, ಚಿತ್ರ ಬರೆದು ರಾಗಿಹಿಟ್ಟು ಕೇಳಿದೆ. ಅಂಗಡಿಯವನು "ಓ, ನಾಚ್ಣೆಂ!" ಎಂದು ಒಂದು ಪುಟ್ಟ ಪೊಟ್ಟಣ ಕಟ್ಟಿಕೊಟ್ಟ. ಗೆದ್ದೆ ಎಂದು ಬೀಗುತ್ತಾ ಮನೆಗೆ ತಂದರೆ ಬಾಲ್ಕಾಂವಿನಲ್ಲಿ ಕುಳಿತಿದ್ದ ಫಿಲೊಮಿನಾ ಬಾಯಿ ಪೊಟ್ಟಣ ಮೂಸಿ ನೋಡಿ, ನನ್ನ ಹಿಂದೆ ಯಾರೋ ಇದ್ದಾರೆಂಬಂತೆ ಇಣುಕಿದರು.

"ಭುರ್ಗೆಂ ಖಂಯ್?" ಎಂದರು. ಮಗು ಎಲ್ಲಿ?

ಅವರ ಮನೆಗಳಲ್ಲಿ ರಾಗಿ ಎಂದರೆ ಹಾಲುಹಲ್ಲಿನ ಮಕ್ಕಳಿಗೆ ಕುಡಿಸುವ ಅಂಬಲಿ. ಮನೆಗೆ ರಾಗಿ ಬಂತೆಂದರೆ ಹಿಂದೆಯೇ ಮಗುವೂ ಬಂದಿರಬೇಕು. ನನಗೇ ಎಂದು ಹೇಳಬಹುದಿತ್ತು, ನಿಜವೂ ಅದೇ. ಆದರೆ "ಊರಲ್ಲಿದೆ" ಎಂದು ಕನ್ನಡದಲ್ಲೇ ಹೇಳಿ ಅಳುತ್ತಾ ಕುಳಿತೆ. ಅವರಿಗೆ ಆ ಕನ್ನಡ ಅರ್ಥವಾಯಿತು. ಅವರ ಮಗ ತಾರ್ವಟಿ, ಎಂದರೆ ಹಡಗಿನ ಕೆಲಸದವನು, ವರ್ಷಕ್ಕೊಮ್ಮೆ ಮನೆಗೆ ಬರುವವನು. ಗಂಡಸರು ಕಡಲಿಗೆ ಹೋಗುವುದು ಅವರಿಗೆ ಹೊಸದಲ್ಲ, ತಾಯಿ ಹೋಗುವುದು ಹೊಸದು. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ನನ್ನ ಕೈಯಿಂದ ಹಿಟ್ಟು ತೆಗೆದುಕೊಂಡು ಒಳಗೆ ಹೋಗಿ ಅಂಬಲಿ ಕಾಯಿಸಿ ತಂದರು, ತೆಂಗಿನ ಹಾಲು, ಬೆಲ್ಲ ಹಾಕಿ. ಅದನ್ನು ಕುಡಿದೆ. ಮುದ್ದೆ ಮಾಡುವ ಮನಸ್ಸು ಆಮೇಲೆ ಬಹಳ ದಿನ ಬರಲಿಲ್ಲ.

ಇನ್ನು ಕೆಲಸದ ವಿಷಯ. ಊರಿನವರು ಇವತ್ತಿಗೂ ಕೇಳುತ್ತಾರೆ, ಮಣ್ಣು ತೊಳೆಯುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು ಎಂದು. ಸಮುದ್ರದ ಮೇಲುನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ತೇಲಿಕೊಂಡು ಬದುಕುತ್ತವೆ. ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ. ಫೊರಾಮಿನಿಫೆರಾ ಎಂಬ ಉದ್ದ ಹೆಸರನ್ನು ನಾವು ಫೊರಾಮ್ ಎಂದು ಚುಟುಕು ಮಾಡಿಕೊಂಡಿದ್ದೆವು. ಸತ್ತ ಮೇಲೆ ಚಿಪ್ಪು ಕೆಳಗಿಳಿದು ತಳದ ಕೆಸರಿನಲ್ಲಿ ಸೇರುತ್ತದೆ. ಸಾವಿರಾರು ವರ್ಷ ಒಂದರ ಮೇಲೊಂದು ಪದರ. ಹಡಗಿನಿಂದ ಉದ್ದನೆಯ ಕೊಳವೆ ಇಳಿಸಿ, ಆ ಕೆಸರನ್ನು ಪದರ ಕೆಡದಂತೆ ಮೇಲೆತ್ತಿ ತರುತ್ತಾರೆ. ಮೇಲಿನದು ಹೊಸದು, ಕೆಳಗಿನದು ಹಳೆಯದು. ಅದರ ತುಣುಕು ತುಣುಕನ್ನು ಜರಡಿಯಲ್ಲಿ ತೊಳೆದು, ಉಳಿದ ಚಿಪ್ಪುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಸಪೂರ ಕುಂಚದ ಒದ್ದೆ ತುದಿಯಿಂದ ಒಂದೊಂದಾಗಿ ಎತ್ತಿ ಜಾತಿವಾರು ಬೇರೆ ಮಾಡುವುದು ನನ್ನ ಕೆಲಸ.

ಅವುಗಳಲ್ಲಿ ಒಂದು ಜಾತಿ ನನಗೆ ಬಲು ಇಷ್ಟ, ನಾಲ್ಕು ಸಾಬಕ್ಕಿ ಕಾಳು ಅಂಟಿಕೊಂಡ ಹಾಗೆ ಇರುತ್ತದೆ. ಮುಂಗಾರು ಗಾಳಿ ಜೋರಾಗಿ ಬೀಸಿದರೆ ಅರಬ್ಬೀ ಸಮುದ್ರದ ಪಶ್ಚಿಮದ ಅಂಚಿನಲ್ಲಿ ಮೇಲುನೀರು ಸರಿದು ಅಡಿಯ ತಣ್ಣನೆಯ ನೀರು ಏಳುತ್ತದೆ. ಆ ನೀರಿನಲ್ಲಿ ಸತ್ವ ಹೆಚ್ಚು, ಈ ಸಾಬಕ್ಕಿ ಜಾತಿಗೆ ಹಬ್ಬ. ಕೆಸರಿನ ಪದರದಲ್ಲಿ ಅದರ ಪಾಲು ಹೆಚ್ಚಿದ್ದರೆ ಆ ಕಾಲದ ಮುಂಗಾರು ಗಾಳಿ ಬಲವಾಗಿತ್ತೆಂದು ಅರ್ಥ. ಮನುಷ್ಯರು ಪಂಚಾಂಗ ಬರೆಯುವ ಮೊದಲಿನ ಗಾಳಿಯ ಲೆಕ್ಕ ಈ ಚಿಪ್ಪುಗಳಲ್ಲಿದೆ. ಇಷ್ಟನ್ನು ತಿಳಿಯಲು ನಲ್ಲಿಯ ಸಿಹಿನೀರು ದಿನವಿಡೀ ಬಿಟ್ಟುಕೊಂಡು ಕೆಸರು ತೊಳೆಯುತ್ತಿದ್ದೆ. ಒಂದು ಚಮಚ ಚಿಪ್ಪಿಗೆ ಬಿಂದಿಗೆಗಟ್ಟಲೆ ನೀರು. ಕೋಲಾರದ ಸೊಸೆ ಮಾಡುವ ಕೆಲಸವಾ ಇದು ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಮೊದಲ ತಿಂಗಳಲ್ಲೇ ಒಂದು ಎಡವಟ್ಟು ಮಾಡಿದೆ. ಅದು ಬೇರೆ ಊರಿನವರು ಮಾಡುವ ಎಡವಟ್ಟಲ್ಲ.

ಅತ್ತಮ್ಮ ಊರಿಗಾಂ ಕಡೆ ಬೆಳೆದವರು. ಗಣಿಯಿಂದ ಹೊರಗೆ ಸುರಿದ ಮಣ್ಣಿನ ದಿಬ್ಬಗಳ ಕೆಳಗೆ ಹರಿಯುವ ಹಳ್ಳದಲ್ಲಿ, ಮಳೆ ಬಂದು ನಿಂತ ಮೇಲೆ, ಮರಿಗೆ ಹಿಡಿದು ಮರಳು ತೊಳೆದವರು. ಮರಿಗೆ ಎಂದರೆ ಮರದ ಅಗಲ ಬೋಗುಣಿ. ಮದುವೆಯಾದ ಹೊಸದರಲ್ಲಿ ನನಗೂ ಕಲಿಸಿದ್ದರು, ನೀರು ತುಂಬು, ದುಂಡಗೆ ತಿರುಗಿಸು, ಓರೆ ಮಾಡು, ತೇಲಿದ್ದನ್ನು ಚೆಲ್ಲು, ಮತ್ತೆ ತಿರುಗಿಸು. ಕೊನೆಗೆ ತಳದಲ್ಲಿ ಕಪ್ಪು ಮರಳು, ಅದರ ಅಂಚಿನಲ್ಲಿ ಪುಣ್ಯವಿದ್ದರೆ ಹಳದಿಯ ಒಂದು ಕೂದಲೆಳೆ. "ಭಾರದ್ದು ನಿಲ್ತದೆ, ಅಗುರದ್ದು ಓಗ್ತದೆ. ಓಗೋದ್ಕೆ ಅಳಬಾರ್ದು ಕಣಮ್ಮ," ಎನ್ನುತ್ತಿದ್ದರು. ಚಿನ್ನಕ್ಕಿಂತ ಆ ಮಾತೇ ನನಗೆ ಹೆಚ್ಚು ದಕ್ಕಿತು.

ಪ್ರಯೋಗಾಲಯದಲ್ಲಿ ಜರಡಿ ಹಿಡಿದು ಒಣಗಿಸಿದ ಒಂದು ಮಾದರಿಯಲ್ಲಿ ಇನ್ನೂ ಧೂಳಿದೆ ಅನ್ನಿಸಿತು. ಯಾರನ್ನೂ ಕೇಳದೆ ಅಗಲ ಗಾಜಿನ ಬಟ್ಟಲಿಗೆ ಹಾಕಿ, ನೀರು ಬಿಟ್ಟು, ಮರಿಗೆಯಂತೆ ತಿರುಗಿಸಿದೆ. ಬಿಳಿ ನೊರೆಯ ಹಾಗೆ ಏನೋ ಮೇಲೆ ತೇಲಿತು. ಓರೆ ಮಾಡಿ ಚೆಲ್ಲಿದೆ. ಇನ್ನೊಮ್ಮೆ ತಿರುಗಿಸಿ ಇನ್ನೊಮ್ಮೆ ಚೆಲ್ಲಿದೆ. ತಳದಲ್ಲಿ ಫಳಫಳ ಹೊಳೆಯುವ ಮರಳು ನಿಂತಿತು. ಅತ್ತಮ್ಮ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಹಿಗ್ಗಿನಿಂದ ಅದನ್ನು ನಮ್ಮ ಮೇಲಿನವರಾದ ಕಾಮತ್ ಸರ್ ಮುಂದಿಟ್ಟೆ. ಕಾರವಾರದ ಕಡೆಯವರು, ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಮೇಲೆ ಬಿಳಿಯಾಗಿ ತೇಲಿರಬೇಕಲ್ಲ, ಅದೆಲ್ಲಿ?"

"ಚೆಲ್ಲಿದೆ ಸರ್. ಧೂಳು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಗರತ್ನ ಅವರೇ, ಅದೇ ಚಿಪ್ಪು. ಒಣಗಿದ ಚಿಪ್ಪಿನ ಕೋಣೆಗಳಲ್ಲಿ ಗಾಳಿ ತುಂಬಿರುತ್ತದೆ, ಅದಕ್ಕೇ ತೇಲುತ್ತದೆ. ಈಗ ನೀವು ತಂದಿರುವುದು ಬರೀ ಮರಳು."

ನಾನು ಓಡಿಹೋಗಿ ತೊಟ್ಟಿಯ ಕೊಳವೆಯ ಬಾಯಿಗೆ ಬಟ್ಟೆ ಹಿಡಿದೆ. ಹೋದದ್ದು ಹೋಗಿತ್ತು. ಅಷ್ಟು ವರ್ಷ ಕಡಲ ತಳದಲ್ಲಿ ಯಾರೂ ಮುಟ್ಟದೆ ಉಳಿದದ್ದನ್ನು ನಾನು ಒಂದು ತಿರುವಿನಲ್ಲಿ ಚರಂಡಿಗೆ ಕಳಿಸಿದ್ದೆ. ಕಾಮತ್ ಸರ್ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅದೇ ಕೆಸರಿನ ಇನ್ನರ್ಧ ತಣ್ಣನೆಯ ಕೋಣೆಯಲ್ಲಿ ಕಾಯ್ದಿಟ್ಟಿದ್ದರು, ಅನುಮತಿ ಪಡೆದು ಅದರಿಂದ ಇನ್ನೊಂದು ತುಣುಕು ಕೊಡಿಸಿದರು. "ನಿಮ್ಮೂರಲ್ಲಿ ಮುಳುಗುವುದು ಚಿನ್ನ, ನಮ್ಮಲ್ಲಿ ತೇಲುವುದು," ಎಂದು ನಕ್ಕರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಹಗುರ ಎಂದುಕೊಂಡು ನಾನು ಕೈಬಿಟ್ಟದ್ದು ಚಿಪ್ಪುಗಳನ್ನಷ್ಟೇ ಅಲ್ಲ. ನಿದ್ದೆಯಲ್ಲಿದ್ದ ಮಗುವೂ ಹಗುರವೇ ಇತ್ತು.

ಇನ್ನೂ ಒಂದು ಮಾತಿದೆ, ಹೇಳಲು ನಾಚಿಕೆ. ದಿನ ಕಳೆದಂತೆ ಕೆಲಸ ಕೈಗೆ ಹತ್ತಿತು. ಕೆಲವು ಮಧ್ಯಾಹ್ನ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದರೆ ತಲೆಯೆತ್ತುವಾಗ ದೀಪ ಹಚ್ಚುವ ಹೊತ್ತು. ಅಷ್ಟು ಹೊತ್ತೂ ಪದ್ದಿ ಒಮ್ಮೆಯೂ ನೆನಪಾಗಿರುತ್ತಿರಲಿಲ್ಲ. ದುಃಖ ಪಡುವ ತಾಯಿಯನ್ನು ಜನ ಕ್ಷಮಿಸುತ್ತಾರೆ. ನಾನು ಸಂತೋಷವಾಗಿದ್ದೆ. ಫೊರಾಮ್ ತನ್ನ ಚಿಪ್ಪಿಗೆ ಒಂದೊಂದೇ ಕೋಣೆ ಸೇರಿಸಿಕೊಂಡು ಬೆಳೆಯುತ್ತದೆ. ಆಯಾ ಕೋಣೆ ಕಟ್ಟಿದಾಗ ಸುತ್ತ ಇದ್ದ ನೀರಿನ ಗುರುತು ಆ ಸುಣ್ಣದಲ್ಲಿ ಉಳಿದುಬಿಡುತ್ತದೆ. ಮಗಳ ಮೂರರ ಕೋಣೆ, ನಾಲ್ಕರ ಕೋಣೆ ಕಟ್ಟುತ್ತಿರುವಾಗ ಅವಳ ಸುತ್ತ ನಾನಿಲ್ಲ ಎಂದು ಹೊಳೆದ ದಿನ ಕುಂಚದ ತುದಿಯ ಚಿಪ್ಪು ಎಲ್ಲೋ ಬಿದ್ದುಹೋಯಿತು.

ಮರುವರ್ಷ ರಜೆ ಸಿಕ್ಕಿತು. ಬಂಗಾರಪೇಟೆಯಲ್ಲಿ ರೈಲಿಳಿದು, ಬಸ್ಸು ಹಿಡಿದು ಊರು ತಲುಪಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಹೊಸಿಲಲ್ಲಿ ಪದ್ದಿ ಆಡುತ್ತಿದ್ದಳು. ಉದ್ದವಾಗಿದ್ದಳು, ಎರಡು ಜಡೆ. ನನ್ನನ್ನು ನೋಡಿ ಒಳಗೆ ಓಡಿದಳು. ಅಜ್ಜಿಯನ್ನು ಕರೆಯಲು ಇರಬೇಕೆಂದುಕೊಂಡೆ. ಎರಡೂ ಕೈಯಿಂದ ಒಂದು ಚೊಂಬು ಹಿಡಿದು, ತುಳುಕದಂತೆ ತುಟಿ ಬಿಗಿಹಿಡಿದು ಬಂದಳು.

"ಕಾಲ್ ತೊಳ್ಕಳಿ. ಕುಂತ್ಕಳಿ, ಅಜ್ಜಿ ಬತ್ತದೆ," ಎಂದಳು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು, ಜೊತೆಗೆ ಒಂದು ಚೂರು ಬೆಲ್ಲ. ಮನೆಯವರಿಗೆ ಯಾರೂ ಕೊಡುವುದಿಲ್ಲ, ಅವರು ಸೀದಾ ಬಚ್ಚಲಿಗೆ ಹೋಗುತ್ತಾರೆ. ಮಗು ಅಚ್ಚುಕಟ್ಟಾಗಿ ಮರ್ಯಾದೆ ಮಾಡಿತ್ತು. ನಾನು ಆ ಚೊಂಬು ಮುಟ್ಟದೆ ನಿಂತೇ ಇದ್ದೆ. ಪಾಪ, ಅದಕ್ಕೆ ಕೈ ಸೋತು ಚೊಂಬನ್ನು ಕೆಳಗಿಟ್ಟಿತು.

ಸಂಜೆ ಅತ್ತಮ್ಮನ ಮೇಲೆ ರೇಗಿದೆ. ತಪ್ಪು ನನ್ನದಾದಾಗ ನನಗೆ ಸಿಟ್ಟು ಜಾಸ್ತಿ.

"ನೀರ್ ಕೊಟ್ಟಿದ್ದು ತಪ್ಪಾ? ಮನೆಗ್ ಬಂದೋರ್ಗೆ ನೀರ್ ಕೊಡು ಅಂತ ನಾನೇ ಕಲಿಸ್ದೆ," ಎಂದರು.

"ನಾನು ಬಂದೋಳಾ ಅತ್ತಮ್ಮ?"

ಅವರು ಸೊಪ್ಪು ಸೋಸುತ್ತಲೇ ಇದ್ದರು. "ಓಗಿದ್ದೋಳು ಬಂದ್ರೆ ಬಂದೋಳೇ ತಾನೆ," ಎಂದರು. ನನ್ನ ಮುಖ ನೋಡಿ ಅವರಿಗೇ ಕೆಡುಕೆನಿಸಿರಬೇಕು. ಸೊಪ್ಪಿನ ಮೊರ ಪಕ್ಕಕ್ಕಿಟ್ಟು, "ಈ ಸಲ ಕರ್ಕಂಡೋಗು. ಮಗು ತಾಯಿ ತಾವಿರ್ಬೇಕು. ನನ್ಗೇನು, ನಾನಿರ್ತೀನಿ," ಎಂದರು.

ನಮ್ಮ ಯಜಮಾನರು ಅಂಗಳದಲ್ಲಿ ಸೈಕಲ್ಲಿನ ಚೈನು ಸರಿಮಾಡುತ್ತಾ, "ಅವ್ವ ಏಳ್ದಂಗೆ ಮಾಡು ರತ್ನ, ರಜಾ ಸಿಕ್ಕಿದಾಗ ನಾನೇ ಬತ್ತೀನಿ," ಎಂದರು. ಅವರ ಕೈಯಲ್ಲಿನ ಚೈನು ಮಾತ್ರ ಎಷ್ಟು ಹೊತ್ತಾದರೂ ಹಲ್ಲಿಗೆ ಕೂರಲಿಲ್ಲ.

ಬಂಗಾರಪೇಟೆ ಸ್ಟೇಷನ್ನಿಗೆ ಅತ್ತಮ್ಮ ಬಂದರು. ರೈಲು ಎಂಬ ಆಟಿಕೆಯ ಆಸೆಗೆ ಪದ್ದಿ ಕುಣಿಯುತ್ತಾ ಹತ್ತಿದಳು. ರೈಲು ಅಲುಗಿದಾಗ ಕೂಗತೊಡಗಿದಳು, "ಅಜ್ಜೀ, ನೀನೂ ಬಾ!" ಅತ್ತಮ್ಮ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಬಂದರು. ಹೋಗುವುದಕ್ಕೆ ಅಳಬಾರದು ಎಂಬ ಅವರ ಮಾತನ್ನು ಅವರ ಬಾಯಿಂದ ಕೇಳಬೇಕೆಂದು ನಾನು ಕಾದೆ. "ಸೊಂಟ ಕಾಲಿಯಾಗೋಯ್ತು ಕಣಮ್ಮ," ಎಂದರು ಅಷ್ಟೆ. ಒಂದು ತಪ್ಪನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕಟ್ಟಿಕೊಂಡು ಹೊರಟೆ. ಅತ್ತತ್ತು ನಿದ್ದೆ ಹೋದ ಮಗು ತೊಡೆಯ ಮೇಲೆ ಭಾರವಾಗಿತ್ತು, ಕಾಲು ಜೋಮು ಹಿಡಿದರೂ ಅಲುಗಾಡಿಸಲಿಲ್ಲ.

ಗೋವಾದ ಬಾವಿ ನೋಡಿ ಪದ್ದಿ ಬೆಚ್ಚಲಿಲ್ಲ, ಅನುಮಾನ ಪಟ್ಟಳು. "ಯಾರೋ ನೀರ್ ತಂದು ಸುರ್ದವ್ರೆ," ಎಂದಳು. ಹಗಲೆಲ್ಲ ಫಿಲೊಮಿನಾ ಬಾಯಿಯ ಬಾಲ್ಕಾಂವಿನಲ್ಲಿ ಬೆಳೆದಳು. ನಾನು ಒಂದು ವರ್ಷ ತಿಣುಕಿ ಕಲಿತ ಕೊಂಕಣಿ ಅವಳಿಗೆ ಆಡುತ್ತಾಡುತ್ತಾ ಬಂತು. ಪೊದೇರನ ಹಾರ್ನು ಕೇಳಿದರೆ ಅವಳೇ ಓಡುತ್ತಿದ್ದಳು, ಮೀನಿನ ಮುಳ್ಳನ್ನು ನನಗಿಂತ ಚೆನ್ನಾಗಿ ಬಿಡಿಸುತ್ತಿದ್ದಳು. ನನ್ನನ್ನು ಬೈಯತೊಡಗಿದಳು, ಹಟ ಮಾಡತೊಡಗಿದಳು, ಒಂದು ದಿನ ಕಚ್ಚಿಯೂಬಿಟ್ಟಳು. ಅವತ್ತು ಫಿಲೊಮಿನಾ ಬಾಯಿಗೆ ಹಲ್ಲಿನ ಗುರುತು ತೋರಿಸಿ ಬೀಗಿದೆ. ನೆಂಟರನ್ನು ಯಾರು ಕಚ್ಚುತ್ತಾರೆ?

ಆದರೂ ಅನ್ನ ತಿನ್ನಿಸುವಾಗ, "ಅಜ್ಜಿ ಈಗ ಏನ್ ಮಾಡ್ತದೆ?" ಎನ್ನುವಳು. ನೀರು ಸೇದುತ್ತಿದ್ದಾರೆ ಎನ್ನುತ್ತಿದ್ದೆ. ಬೇರೆ ಏನೂ ಬಾಯಿಗೆ ಬರುತ್ತಿರಲಿಲ್ಲ.

ಅದರ ಮುಂದಿನ ಬೇಸಿಗೆಗೆ ಇಬ್ಬರೂ ಊರಿಗೆ ಹೋದೆವು. ದಾರಿಯುದ್ದಕ್ಕೂ ನನಗೆ ಒಂದೇ ಹೆದರಿಕೆ. ಮಗು ಅಜ್ಜಿಯ ಮುಂದೆ ಕೊಂಕಣಿ ಆಡಿದರೆ? ಮುದ್ದೆ ಬೇಡ ಎಂದರೆ? ಅಜ್ಜಿಯನ್ನೇ ಗುರುತು ಹಿಡಿಯದಿದ್ದರೆ? ಒಂದು ಮನೆಯಿಂದ ಬಿಡಿಸಿ ತಂದೆ, ಈಗ ಆ ಮನೆಗೇ ಅವಳನ್ನು ನೆಂಟಳು ಮಾಡಿ ಕರೆದೊಯ್ಯುತ್ತಿದ್ದೇನೆ ಎನ್ನಿಸುತ್ತಿತ್ತು.

ಅತ್ತಮ್ಮ ಬಾಗಿಲಲ್ಲಿ ನಿಂತಿದ್ದರು. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. ಕೈಯಲ್ಲಿ ಚೊಂಬು. ಅವರಿಗೂ ಅದೇ ಹೆದರಿಕೆ ಇದ್ದಿರಬೇಕು, ಮೊಮ್ಮಗಳನ್ನು ಎತ್ತಿಕೊಳ್ಳಲು ಮುಂದೆ ಬರದೆ, "ಕಾಲ್ ತೊಳ್ಕ ಬಾ ಪದ್ದಿ," ಎಂದರು. ದನಿ ಸಣ್ಣಗಾಗಿತ್ತು.

ಪದ್ದಿ ಚಪ್ಪಲಿ ಒದರಿ, ಅಜ್ಜಿಯ ಕೈಯಿಂದ ಚೊಂಬು ಕಿತ್ತುಕೊಂಡು ಹೊಸಿಲು ದಾಟಿ ಒಳಗೆ ಹೋದಳು. ಧೂಳುಗಾಲಿನಲ್ಲೇ ಅಲ್ಲಿ ತಿರುಗಿ ನಿಂತು ಚೊಂಬನ್ನು ನನ್ನ ಕಡೆ ಚಾಚಿದಳು.

"ನೀನ್ ತೊಳ್ಕಮ್ಮ. ನಾನ್ ಈ ಮನೆಯೋಳು."

ಅತ್ತಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದರು. ನಗುತ್ತಿದ್ದರೋ ಅಳುತ್ತಿದ್ದರೋ ನಾನು ನೋಡಲಿಲ್ಲ. ಚೊಂಬು ತೆಗೆದುಕೊಂಡೆ. ಹೊಸಿಲ ಈಚೆಯಲ್ಲೇ ನಿಂತು, ಆ ಬಾವಿಯ ಆಳ ಗೊತ್ತಿದ್ದವಳಾಗಿ, ಒಂದು ಹನಿಯೂ ಹೆಚ್ಚು ಚೆಲ್ಲದೆ ಎರಡೂ ಕಾಲು ತೊಳೆದುಕೊಂಡೆ.